ಲಾರಿ ಹೋದ ಮೇಲೆ

(ಸೂರಗೊಂಡನಕೊಪ್ಪದಲ್ಲಿ ಮಾಡಿದ ದತ್ತಿ ಉಪನ್ಯಾಸದ ಬರಹ ರೂಪ)



ಉಪನ್ಯಾಸದ ವಿಷಯ ಏನೆಂದು ದತ್ತಿಯ ಮನೆಯವರು ಫೋನಿನಲ್ಲಿ ಕೇಳಿದಾಗ ‘ಸಾಕಿದ ಆನೆ’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಎತ್ತಿನ ಬಗ್ಗೆ ಮಾತಾಡಿದ್ರೆ ನಮ್ಮ ಜನಕ್ಕೆ ಹತ್ತಿರ ಆಗ್ತಿತ್ತು ಸಾರ್’ ಎಂದರು. ಅವರು ಹೇಳಿದ್ದು ಸರಿಯೇ. ಮೂವತ್ತು ವರ್ಷ ಈ ಸೀಮೆಯಲ್ಲಿ ದನದ ಡಾಕ್ಟರಾಗಿ ಓಡಾಡಿದವನು ನಾನು. ನನ್ನ ಅನ್ನ ಹುಟ್ಟಿದ್ದು ಎಮ್ಮೆ, ಹಸು, ಎತ್ತು, ಕುರಿಯಿಂದ. ಆನೆ ವೈದ್ಯ ನಾನಲ್ಲ. ಹತ್ತಿರ ನಿಂತು ನೋಡಿದ್ದೇನೆ, ಗೊತ್ತಿದ್ದವರನ್ನು ಕೇಳಿ ತಿಳಿದಿದ್ದೇನೆ, ಅಷ್ಟೇ.

ಆದರೂ ಎತ್ತಿನಿಂದಲೇ ಶುರು ಮಾಡುತ್ತೇನೆ. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ನೆಲ ಇದು. ಅವರ ಕಾಲದಲ್ಲಿ ನಿಮ್ಮ ಲಂಬಾಣಿ ಹಿರಿಯರ ಬದುಕೆಲ್ಲ ಲದೇಣಿ. ಎತ್ತುಗಳ ಬೆನ್ನಿಗೆ ಉಪ್ಪು, ಧಾನ್ಯದ ಗೋಣಿ ಹೇರಿಕೊಂಡು ದಖ್ಖನ್ನನ್ನು ಅಡ್ಡಡ್ಡ ದಾಟಿದ ಜನ. ರೈಲು ಬಂತು, ಲದೇಣಿ ನಿಂತಿತು. ಲದೇಣಿ ಕಲಿಸಿದ ಬುದ್ಧಿ ಮಾತ್ರ ತಾಂಡಾಗಳಲ್ಲಿ ಉಳಿದಿರುವುದನ್ನು ನಾನೇ ನೋಡಿದ್ದೇನೆ. ಬೆನ್ನು ಹುಣ್ಣಾದ ಎತ್ತಿಗೆ ಹೇರು ಹಾಕಬಾರದು, ಕುಂಟುವ ಎತ್ತನ್ನು ಹೊಡೆದು ನಡೆಸಿದರೆ ನಾಳೆಯ ದಾರಿ ಕೆಡುತ್ತದೆ, ನೀರು ಕಂಡಲ್ಲಿ ಮೊದಲು ಎತ್ತು, ಆಮೇಲೆ ಮನುಷ್ಯ. ಯಾವ ಪ್ರಾಣಿದಯಾ ಸಂಘವೂ ಬಂದು ಹೇಳಿಕೊಟ್ಟದ್ದಲ್ಲ ಇದು. ಈ ಬುದ್ಧಿಯನ್ನೇ ಆನೆಯ ಮುಂದೆ ನಿಲ್ಲಿಸಿದರೆ ಏನು ಕಾಣುತ್ತದೆ ಎಂದು ನೋಡೋಣ.

ಆನೆ ನಮಗೆ ದೂರದ ಪ್ರಾಣಿ ಎಂದು 2023ರ ತನಕ ಅಂದುಕೊಂಡಿದ್ದೆವು. ಆ ವರ್ಷದ ಏಪ್ರಿಲ್‌ನಲ್ಲಿ ಚನ್ನಗಿರಿ ಕಡೆ ಹುಡುಗಿಯೊಬ್ಬಳ ಜೀವ ಕಾಡಾನೆಯಿಂದ ಹೋಯಿತು. ಸುತ್ತಲಿನ ಊರುಗಳಲ್ಲಿ ಸಂಜೆಯಾದರೆ ಬಾಗಿಲು ಹಾಕುವ ಹಾಗಾಯಿತು. ‘ಹಿಡೀರಿ, ಇಲ್ಲಾ ಹೊಡೀರಿ’ ಎಂಬ ಕೂಗು ಎದ್ದಿತು. ಹಿಡಿಯುವ ಕಾರ್ಯಾಚರಣೆ ನಮ್ಮ ಜೀನಹಳ್ಳಿ ಕಡೆ ನಡೆದಾಗ, ಅರಿವಳಿಕೆ ಮದ್ದು ಹಾರಿಸಲು ಹೋದ ಸಕ್ರೆಬೈಲು ಆನೆ ಶಿಬಿರದ ವೈದ್ಯ ಡಾ. ವಿನಯ್ ಅವರ ಮೇಲೇ ಆನೆ ತಿರುಗಿಬಿದ್ದು ಅವರು ತೀವ್ರವಾಗಿ ಗಾಯಗೊಂಡರು. ನಿವೃತ್ತನಾಗಿ ಮನೆಯಲ್ಲಿ ಕೂತು ಟಿವಿಯಲ್ಲಿ ಅದನ್ನು ನೋಡಿದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಗುದ್ದುವ ಹೋರಿಗೆ ಕೊಡುತ್ತಿದ್ದ ಜೈಲಜೀನ್ ಔಷಧಿಯನ್ನೇ ಕೆಟಮೀನ್ ಜೊತೆ ಸೇರಿಸಿ ಆನೆಗೂ ಹಾರಿಸುತ್ತಾರೆ. ಹೋರಿಯಾದರೆ ಕಂಬಕ್ಕೆ ಕಟ್ಟಿರುತ್ತದೆ. ಆನೆ ಪೊದೆಯ ಹಿಂದೆ ನಿಂತಿರುತ್ತದೆ, ಮದ್ದು ಏರುವ ತನಕ ಅದಕ್ಕೆ ಪೂರ್ತಿ ಎಚ್ಚರ.

ಮದ್ದು ಏರಿದ ಆನೆ ಸಾಮಾನ್ಯವಾಗಿ ಬೀಳುವುದಿಲ್ಲ, ನಿಂತಲ್ಲೇ ತೂಕಡಿಸುತ್ತದೆ. ಸೊಂಡಿಲು ಸಡಿಲ ಬಿದ್ದು ನೆಲಕ್ಕೆ ತಾಗುತ್ತದೆ. ಕಾಲಿಗೆ, ಕುತ್ತಿಗೆಗೆ ಹಗ್ಗ ಬೀಳುತ್ತದೆ. ಎರಡೂ ಪಕ್ಕದಲ್ಲಿ ಪಳಗಿದ ಆನೆಗಳು ಒತ್ತಿಕೊಂಡು ನಿಲ್ಲುತ್ತವೆ, ಹಿಂದಿನಿಂದ ಒಂದು ನೂಕುತ್ತದೆ. ಲಾರಿ ಹತ್ತಿಸಿದ ಮೇಲೆ ಎಚ್ಚರದ ಮದ್ದು. ಲಾರಿ ಹೊರಟಾಗ ಜನ ಶಿಳ್ಳೆ ಹಾಕುತ್ತಾರೆ, ಕೆಲವರು ಕೈ ಮುಗಿಯುತ್ತಾರೆ, ಎಲ್ಲರೂ ಮೊಬೈಲ್ ಎತ್ತಿ ಹಿಡಿದಿರುತ್ತಾರೆ. ನಮ್ಮ ಪಾಲಿಗೆ ಕತೆ ಅಲ್ಲಿಗೆ ಮುಗಿಯಿತು. ಹಿಡಿಯಬೇಕೆಂದು ಕೂಗಿದವರಲ್ಲಿ ನಾನೂ ಒಬ್ಬ. ಅದಕ್ಕೇನೂ ನಾಚಿಕೆಯಿಲ್ಲ, ಮಗು ಕಳಕೊಂಡ ಮನೆಯ ಮುಂದೆ ನಿಂತು ಬೇರೆ ಮಾತಾಡಲು ಯಾರಿಗೂ ನಾಲಿಗೆ ಬರುವುದಿಲ್ಲ. ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಹಾಗೆ ಹಿಡಿದ ಆನೆಗೆ ಇಪ್ಪತ್ತು ವರ್ಷವಾಗಿದ್ದರೆ ಮುಂದೆ ನಲವತ್ತು ವರ್ಷ ಆಯುಸ್ಸಿರುತ್ತದೆ. ಆ ನಲವತ್ತು ವರ್ಷ ಅದು ಎಲ್ಲಿರುತ್ತದೆ, ಏನು ತಿನ್ನುತ್ತದೆ, ಯಾವ ನೆಲದ ಮೇಲೆ ನಿಲ್ಲುತ್ತದೆ ಎಂದು ಲಾರಿಯ ಹಿಂದೆ ನಿಂತ ನಾವು ಯಾರೂ ಕೇಳಲಿಲ್ಲ.

ಮೊದಲು ಅದು ಹೋಗುವುದು ಕ್ರಾಲ್‌ಗೆ. ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಮಾಡಿದ ದೊಡ್ಡಿ. ಆನೆ ತಿರುಗಲು ಆಗುವಷ್ಟು ಜಾಗ, ಓಡಲು ಆಗದಷ್ಟು. ಮೊದಲ ದಿನಗಳಲ್ಲಿ ಅದು ದಿಮ್ಮಿಗೆ ಹಣೆ ಕೊಟ್ಟು ಗುದ್ದುತ್ತದೆ, ದಂತ ಸೀಳಿಕೊಳ್ಳುವುದೂ ಉಂಟು. ಹಗ್ಗ ಉಜ್ಜಿದ ಕಾಲಿನಲ್ಲಿ ಗಾಯ. ಹೊರಗೆ ಒಬ್ಬ ಮಾವುತ, ಅವನ ಸಹಾಯಕ ಕಾವಾಡಿ ಠಿಕಾಣಿ ಹೂಡುತ್ತಾರೆ. ದಿಮ್ಮಿಯ ಸಂದಿಯಿಂದ ಕಬ್ಬು, ಬೆಲ್ಲ ಕೊಡುತ್ತಾರೆ, ಮಾತಾಡಿಸುತ್ತಾರೆ. ವಾರಗಳು, ಕೆಲವೊಮ್ಮೆ ತಿಂಗಳುಗಳು. ‘ಬೈಟ್’ ಅಂದರೆ ಕೂರಬೇಕು, ‘ಧತ್’ ಅಂದರೆ ನಿಲ್ಲಬೇಕು. ಕನ್ನಡ ನಾಡಿನ ಆನೆಗೆ ಕನ್ನಡದ ಆಜ್ಞೆ ಇಲ್ಲ ಎಂಬುದು ನನಗೆ ಮೊದಲಿಂದ ತಮಾಷೆಯಾಗಿ ಕಂಡ ಸಂಗತಿ. ಮಾವುತ ಮನೆಯಲ್ಲಿ ಯಾವ ಭಾಷೆಯೇ ಆಡಲಿ, ಆನೆಯ ಮೇಲೆ ಕೂತಾಗ ಬೇರೆ. ಹಸಿವು, ಬೆಲ್ಲ, ಕೋಲು ಇವುಗಳಲ್ಲಿ ಯಾವುದು ಎಷ್ಟು ಎಂಬುದರಲ್ಲೇ ಪಳಗಿಸುವವನ ಗುಣ ಗೊತ್ತಾಗುತ್ತದೆ.

ಕ್ರಾಲ್‌ನಿಂದ ಹೊರಬಂದ ಆನೆಗೆ ಎರಡು ಬಗೆಯ ಬದುಕು ಕಾದಿರಬಹುದು. ಒಂದನ್ನು ಇಲ್ಲಿಂದ ಎರಡು ಬಸ್ಸು ಹಿಡಿದು ಹೋಗಿ ನೋಡಿಬರಬಹುದು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್, ಗಾಜನೂರು ಅಣೆಕಟ್ಟೆಯ ಹಿನ್ನೀರಿನ ದಂಡೆಯಲ್ಲಿ ಸಕ್ರೆಬೈಲು. ಪ್ರವಾಸಿಗರು ನೋಡುವುದು ಬೆಳಗಿನ ಸ್ನಾನವನ್ನು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಸ್ನಾನಕ್ಕೆ ಮುಂಚಿನ ಎರಡು ಗಂಟೆ. ಅಲ್ಲಿ ಸಂಜೆ ಆನೆಗಳನ್ನು ಶೆಟ್ಟಿಹಳ್ಳಿ ಕಾಡಿಗೆ ಬಿಡುತ್ತಾರೆ, ಹಿಂದೆ ಉದ್ದ ಸರಪಳಿ ಎಳೆದುಕೊಂಡು ಹೋಗುವ ಹಾಗೆ. ರಾತ್ರಿಯೆಲ್ಲ ಬಿದಿರು, ಹುಲ್ಲು, ತೊಗಟೆ ತಮಗೆ ಬೇಕಾದ್ದು ತಿನ್ನುತ್ತವೆ. ಕಾಡಿನ ಸಲಗ ಬಂದು ಜೊತೆಯಾಗುವುದೂ ಇದೆ, ಜಗಳವಾಗಿ ಮೈತುಂಬ ಗಾಯ ಮಾಡಿಕೊಂಡು ಬರುವುದೂ ಇದೆ. ಬೆಳಿಗ್ಗೆ ಮಾವುತರು ಮಣ್ಣಿನ ಮೇಲೆ ಸರಪಳಿ ಎಳೆದ ಗೆರೆ ಹಿಡಿದು ಹುಡುಕಿಕೊಂಡು ಹೋಗುತ್ತಾರೆ.

ಅಂಥ ಒಂದು ಬೆಳಿಗ್ಗೆ ವಯಸ್ಸಾದ ಮಾವುತರೊಬ್ಬರ ಹಿಂದೆ ನಾನೂ ಹೋಗಿದ್ದೆ. ಆನೆ ಇನ್ನೂ ಕಂಡಿರಲಿಲ್ಲ, ಲದ್ದಿ ಸಿಕ್ಕಿತು. ಅವರು ಬಗ್ಗಿ ಒಂದು ಉಂಡೆ ಎತ್ತಿ ಎರಡು ಕೈಯಲ್ಲಿ ಬಿಡಿಸಿದರು. ಒಳಗೆ ಬಿದಿರಿನ ನಾರು, ಬೆರಳುದ್ದ. ‘ನೋಡಿ ಡಾಕ್ಟ್ರೇ, ಗೇಣುದ್ದ ನಾರು ಬಂದ್ರೆ ಹಲ್ಲು ಸವೆದಿದೆ ಅಂತ. ಆವಾಗ ಮುದ್ದೆ ಜಾಸ್ತಿ ಮಾಡ್ತೀವಿ’ ಎಂದರು. ಪಶುವೈದ್ಯ ಕಾಲೇಜಿನಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಆನೆಗೆ ಆಯುಸ್ಸಿನಲ್ಲಿ ಆರು ಸಲ ದವಡೆ ಹಲ್ಲು ಬರುತ್ತದೆ. ಆರನೆಯದು ಅರವತ್ತರ ಆಸುಪಾಸಿನಲ್ಲಿ ಸವೆದರೆ ಮುಂದೆ ಹಲ್ಲಿಲ್ಲ. ಕಾಡಿನ ಮುದಿ ಆನೆ ಹೊಟ್ಟೆ ತುಂಬುವಷ್ಟು ಹಸಿರಿನ ನಡುವೆಯೇ ಹಸಿದು ಸಾಯುತ್ತದೆ. ಶಿಬಿರದ ಆನೆ ಇನ್ನೂ ಕೆಲವು ವರ್ಷ ರಾಗಿ ಮುದ್ದೆ, ಬೇಯಿಸಿದ ಹುರುಳಿಯ ಮೇಲೆ ಬದುಕಬಲ್ಲದು. ಸೆರೆಯಿಂದ ಆನೆಗೆ ಸಿಗುವ ಖಾತ್ರಿ ಲಾಭ ನನಗೆ ಕಂಡದ್ದು ಇದೊಂದೇ, ಅದೂ ಲದ್ದಿ ಬಿಡಿಸಿ ನೋಡುವ ಕೈ ಇದ್ದರೆ.

ಇನ್ನೊಂದು ಬದುಕನ್ನು ನೋಡಿದ್ದು ಒಂದು ದೇವಸ್ಥಾನದಲ್ಲಿ. ಯಾವುದೆಂದು ಬೇಡ, ಜಿಲ್ಲೆಯ ಹೆಸರೂ ಬೇಡ. ಹುಣ್ಣಿಮೆ ದಿನ, ಭಜನೆ ನಡೆದಿತ್ತು. ಸಿಮೆಂಟು ನೆಲದ ಮೇಲೆ ಒಂದು ಹೆಣ್ಣಾನೆ ಮುಂದಿನ ಒಂದು ಕಾಲು, ಹಿಂದಿನ ಒಂದು ಕಾಲಿಗೆ ಸರಪಳಿ ಕಟ್ಟಿಸಿಕೊಂಡು ನಿಂತಿತ್ತು. ತಲೆ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ‘ಭಜನೆಗೆ ತಾಳ ಹಾಕ್ತದೆ ನೋಡಿ’ ಎಂದು ಅರ್ಚಕರು ಹೆಮ್ಮೆಯಿಂದ ತೋರಿಸಿದರು. ಭಜನೆ ಮುಗಿಯಿತು, ಪ್ರಸಾದ ಆಯಿತು, ಮೈಕು ಕಟ್ಟಿದರು. ಆನೆಯ ತಲೆ ನಿಲ್ಲಲಿಲ್ಲ. ಅದು ತಾಳವಲ್ಲ. ಕಟ್ಟಿ ಹಾಕಿದ, ಮಾಡಲು ಕೆಲಸವಿಲ್ಲದ, ಜೊತೆಗೆ ಇನ್ನೊಂದು ಜೀವವಿಲ್ಲದ ಪ್ರಾಣಿ ತನ್ನನ್ನು ತಾನೇ ತೂಗಿಕೊಳ್ಳುವುದು. ಒಂಟಿ ಕುದುರೆ ಲಾಯದಲ್ಲಿ ಹೀಗೆ ತೂಗುವುದನ್ನು ನಾನು ನೋಡಿದ್ದೇನೆ. ಕಾಡಿನಲ್ಲಿ ದಿನಕ್ಕೆ ಹದಿನಾಲ್ಕು, ಹದಿನಾರು ಗಂಟೆ ಮೇಯುತ್ತ, ನಡೆಯುತ್ತ ಇರುವ ಪ್ರಾಣಿ ಅದು. ತಾಯಿ, ಚಿಕ್ಕಮ್ಮ, ಅಕ್ಕ, ತಂಗಿಯರ ಗುಂಪಿನಲ್ಲಿ ಹೆಣ್ಣಾನೆ ಸಾಯುವ ತನಕ ಇರುತ್ತದೆ.

ನಾನು ಬಗ್ಗಿ ಪಾದ ನೋಡಿದೆ. ದನದ ಡಾಕ್ಟರಿಗೆ ಮೊದಲು ಕಣ್ಣು ಹೋಗುವುದು ಗೊರಸಿಗೆ. ಆನೆಗೆ ಮುಂಗಾಲಿನಲ್ಲಿ ಐದು ಉಗುರು, ಹಿಂಗಾಲಿನಲ್ಲಿ ನಾಲ್ಕು. ಅಂಗಾಲು ಚರ್ಮದ ದಿಂಬಿನ ಹಾಗೆ, ಕಾಡಿನ ನೆಲದಲ್ಲಿ ಸವೆಯುತ್ತ ಬೆಳೆಯುತ್ತ ಇರಬೇಕಾದದ್ದು. ಸಿಮೆಂಟಿನಲ್ಲಿ ತನ್ನದೇ ಮೂತ್ರದಲ್ಲಿ ನೆನೆದು ನಿಂತ ಅಂಗಾಲು ಮೆತ್ತಗಾಗುತ್ತದೆ, ಉಗುರು ಸೀಳುತ್ತದೆ, ಸೀಳಿನೊಳಗೆ ಕೀವು. ಮೂರು, ನಾಲ್ಕು ಟನ್ ತೂಕ ಆ ಕೀವಿನ ಮೇಲೆ ನಿಂತಿರುತ್ತದೆ. ಆ ಹೆಣ್ಣಾನೆಯ ಬಲ ಮುಂಗಾಲಿನ ಎರಡು ಉಗುರು ಸೀಳಿದ್ದವು. ‘ಮಣ್ಣು ಹಾಕಿಸಿ, ಮರದ ನೆರಳಿಗೆ ಕಟ್ಟಿ, ದಿನಾ ಎರಡು ಹೊತ್ತು ನಡೆಸಿ’ ಎಂದೆ. ಮಣ್ಣಾದರೆ ಆವರಣ ಗಲೀಜಾಗುತ್ತದೆ ಎಂಬ ಉತ್ತರ ಬಂತು. ಜಗಳ ಮಾಡಬಹುದಿತ್ತು. ಪ್ರಸಾದ ಉಂಡವನು ಸುಮ್ಮನೆ ಎದ್ದು ಬಂದೆ.

ಈಗ ಅರ್ಜುನನ ವಿಷಯ. ಎಲ್ಲರಿಗೂ ಗೊತ್ತಿರುವ ಆನೆ. ಗೊತ್ತಿರುವುದು ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತದ್ದು, 2012ರಿಂದ 2019ರ ತನಕ ಎಂಟು ಸಲ, 750 ಕಿಲೋ ಚಿನ್ನದ ಅಂಬಾರಿ. ಅವನನ್ನು ಹಿಡಿದದ್ದು 1968ರಲ್ಲಿ, ಕಾಕನಕೋಟೆಯ ಖೆಡ್ಡಾದಲ್ಲಿ. ಮೈಸೂರು ಸಂಸ್ಥಾನದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1874ರಲ್ಲಿ ಕುದುರಿಸಿದ ವಿದ್ಯೆ ಅದು. ಡೋಲು, ಬೆಂಕಿಯಿಂದ ಬೆದರಿಸಿ ಹಿಂಡುಹಿಂಡನ್ನೇ ಕಂದಕದ ದೊಡ್ಡಿಗೆ ನುಗ್ಗಿಸುವುದು, ದೊಡ್ಡವರೆಲ್ಲ ಅಟ್ಟಣೆ ಮೇಲೆ ಕೂತು ನೋಡುವುದು. 1971ಕ್ಕೆ ಅದು ಕೊನೆಯಾಯಿತು. ಖೆಡ್ಡಾದಲ್ಲಿ ಸಿಕ್ಕಿದ ಮರಿ ಬೆಳೆದು, ಪಳಗಿ, ನಾಡಹಬ್ಬದ ಮುಖವಾಯಿತು. ಅರವತ್ತು ದಾಟಿದ ಆನೆಯ ಮೇಲೆ ಭಾರ ಹೊರಿಸಬಾರದೆಂದು 2020ರಿಂದ ಅಂಬಾರಿ ಅಭಿಮನ್ಯು ಎಂಬ ಆನೆಗೆ ಹೋಯಿತು. ಒಳ್ಳೆಯ ನಿಯಮ. ಆದರೆ 2023ರ ಡಿಸೆಂಬರ್ 4ರಂದು, 64 ವರ್ಷದ ಅದೇ ಅರ್ಜುನ ಸಕಲೇಶಪುರದ ಯಸಳೂರು ವಲಯದ ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿದ್ದ. ಎದುರಾದ ಒಂಟಿ ಸಲಗದ ಜೊತೆ ಕಾದಾಡುತ್ತ ಸತ್ತ. ಅಲ್ಲಿಯೇ ಮಣ್ಣು ಮಾಡಿದರು.

ಈ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ. ಸಮತಟ್ಟಾದ ರಾಜಬೀದಿಯಲ್ಲಿ ಐದು ಕಿಲೋಮೀಟರ್ ಅಂಬಾರಿ ಹೊರಲು ಮುದಿಯಾದ ಆನೆ, ಪ್ರಾಯದ ಕಾಡಾನೆಯ ದಂತದ ಎದುರು ನಿಲ್ಲಲು ಮುದಿಯಲ್ಲವೆ? ಲದೇಣಿಯವರನ್ನು ಕೇಳಿ, ಹಲ್ಲು ಸವೆದ ಎತ್ತನ್ನು ಅವರು ಗುಂಪಿನ ಜೊತೆ ಬರಿ ಬೆನ್ನಿನಲ್ಲಿ ನಡೆಸುತ್ತಿದ್ದರೇ ಹೊರತು ಹೋರಿ ಕಾಳಗಕ್ಕೆ ಬಿಡುತ್ತಿರಲಿಲ್ಲ. ಅರಣ್ಯ ಇಲಾಖೆಯವರ ಕಷ್ಟವೂ ನನಗೆ ಗೊತ್ತು. 2023ರ ಗಣತಿಯ ಪ್ರಕಾರ ಕರ್ನಾಟಕದ ಕಾಡುಗಳಲ್ಲಿ 6,395 ಆನೆಗಳು, ದೇಶದಲ್ಲೇ ಹೆಚ್ಚು. ಕಾಫಿ ತೋಟ, ಅಡಿಕೆ ತೋಟ, ಜೋಳದ ಹೊಲದಲ್ಲಿ ದಿನಬೆಳಗಾದರೆ ಕೂಗು. ಹಿಡಿಯಲು ಅನುಭವಿ ಆನೆ ಬೇಕು, ಅನುಭವ ಬರುವಷ್ಟರಲ್ಲಿ ವಯಸ್ಸಾಗಿರುತ್ತದೆ. ಸೆರೆಯ ಆನೆಯೇ ಮುಂದಿನ ಆನೆಯನ್ನು ಸೆರೆಗೆ ತರಬೇಕು. 2025ರ ಮೇ ತಿಂಗಳಲ್ಲಿ ಆಂಧ್ರಕ್ಕೂ ನಾವೇ ಇಂಥ ಕೆಲಸಕ್ಕೆ ಪಳಗಿದ ನಾಲ್ಕು ಕುಮ್ಕಿ ಆನೆ ಕೊಟ್ಟೆವು. ಜೀನಹಳ್ಳಿಯಲ್ಲಿ ನಾವು ಕೂಗಿದ ಕೂಗಿಗೆ ಓಗೊಟ್ಟು ಬಂದದ್ದು ಇಂಥ ಆನೆಗಳೇ.

ಹಬ್ಬದ ಆನೆಗಳ ಬಗ್ಗೆ ಇನ್ನೊಂದು ಮಾತು. 2022ರ ಸೆಪ್ಟೆಂಬರ್‌ನಲ್ಲಿ ದಸರೆಗೆಂದು ಮೈಸೂರು ಅರಮನೆಗೆ ತಂದಿದ್ದ ಲಕ್ಷ್ಮಿ ಅಲ್ಲೇ ಮರಿ ಹಾಕಿತು. ಅದಕ್ಕೆ ದತ್ತಾತ್ರೇಯ ಎಂದು ಹೆಸರಿಟ್ಟು ಎಲ್ಲರೂ ಸಂತೋಷಪಟ್ಟರು. ಮರುವರ್ಷ ಶಿವಮೊಗ್ಗ ದಸರೆಯ ಮೆರವಣಿಗೆಗೆ ಸಕ್ರೆಬೈಲಿನಿಂದ ಬಂದ ನೇತ್ರಾವತಿ ಮೆರವಣಿಗೆಗೆ ಮುಂಚೆ ಊರ ನಡುವೆಯೇ ಈಯಿತು. ಆನೆಯ ಗರ್ಭ ಹತ್ತಿರ ಹತ್ತಿರ 22 ತಿಂಗಳು. ಹಸು ಕಟ್ಟಿದೆಯೋ ಇಲ್ಲವೋ ಎಂದು ಕೈಹಾಕಿ ಹೇಳಿ ಜೀವನ ಮಾಡಿದವನು ನಾನು. ಆನೆಯಲ್ಲಿ ಅದು ಸುಲಭವಲ್ಲ ಎಂಬುದು ಗೊತ್ತು, ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ ಎಂಬುದೂ ಗೊತ್ತು. ಕೌಟಿಲ್ಯನ ಅರ್ಥಶಾಸ್ತ್ರ ಗಬ್ಬದ ಆನೆ, ಹಾಲೂಡುವ ಆನೆಗಳನ್ನು ಹಿಡಿಯಲೇ ಬಾರದೆಂದು ಹೇಳುತ್ತದೆ. ನಾವು ಅವುಗಳನ್ನು ಲಾರಿ ಹತ್ತಿಸಿ, ಫಿರಂಗಿ ಸದ್ದಿಗೆ ತಾಲೀಮು ಕೊಡಿಸಿ, ಮೈಗೆ ಬಣ್ಣ ಬಳಿದು, ಆಮೇಲೆ ಮರಿ ಬಂದಾಗ ಬೆರಗಾಗುತ್ತೇವೆ. 2025ರ ದಸರೆಯ ಹೊತ್ತಿಗೆ ಸಕ್ರೆಬೈಲಿನ ಬಾಲಣ್ಣನಿಗೆ ಚುಚ್ಚುಮದ್ದು ಕೊಟ್ಟ ಕಿವಿ ಬಾತು, ಕೊಳೆತು, ಕಿವಿಯ ಒಂದು ಭಾಗವನ್ನೇ ಕತ್ತರಿಸಿ ತೆಗೆಯಬೇಕಾಯಿತು. ಆನೆಗೆ ಕಿವಿ ಕೇಳುವುದಕ್ಕೆ ಮಾತ್ರ ಅಲ್ಲ, ಅದರ ತೆಳು ಚರ್ಮದ ರಕ್ತನಾಳಗಳಲ್ಲೇ ಮೈಯ ಕಾವು ಆರಬೇಕು.

ಕನ್ನಡದವರಿಗೆ ಆನೆಯ ವಿದ್ಯೆ ಹೊಸದಲ್ಲ. ಗಂಗರ ದೊರೆ ಎರಡನೆಯ ಶಿವಮಾರ ‘ಗಜಾಷ್ಟಕ’ ಬರೆದ, ಅದು ಒನಕೆವಾಡಾಗಿ ಹೆಂಗಸರ ಬಾಯಲ್ಲೂ ಇತ್ತಂತೆ. ಗ್ರಂಥ ಉಳಿಯಲಿಲ್ಲ. ಭತ್ತ ಕುಟ್ಟುತ್ತ ಆನೆಯ ಲಕ್ಷಣ ಹಾಡುತ್ತಿದ್ದ ಊರು ಹೇಗಿದ್ದೀತು ಎಂದು ಆಗಾಗ ಯೋಚಿಸುತ್ತೇನೆ.  ಇರಲಿ, ದಾರಿ ತಪ್ಪಿದೆ.

ಮಠಗಳ ಆನೆಯ ಮಾತು ಎತ್ತಿದರೆ ಈಗ ನಾಂದಣಿಯ ಮಹಾದೇವಿ ನೆನಪಾಗುತ್ತದೆ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕು, ನಮ್ಮ ಬೆಳಗಾವಿ ಕಡೆಯ ಜೈನ ಕುಟುಂಬಗಳೂ ನಡೆದುಕೊಳ್ಳುವ ಮಠ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿದ್ದ ಆನೆಯನ್ನು ಆರೋಗ್ಯದ ಕಾರಣಕ್ಕೆ ಜಾಮ್‌ನಗರದ ವನತಾರಾ ಪ್ರಾಣಿಧಾಮಕ್ಕೆ ಕಳಿಸಬೇಕೆಂದು ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆನೆ ಹೊರಟ ದಿನ ಜನ ಅತ್ತರು, ಕೋಪಕ್ಕೆ ವನತಾರಾ ನಡೆಸುವ ಕಂಪನಿಯ ಮೊಬೈಲ್ ಸಿಮ್ಮನ್ನೇ ಬದಲಿಸಿದರು. ಆ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಆದರೆ ಪ್ರೀತಿ ಇದ್ದಲ್ಲಿ ಪಾದ ಸರಿಯಿರುತ್ತದೆ ಎಂದೇನೂ ಇಲ್ಲ. ನಾನು ಕಂಡ ಆ ಅರ್ಚಕರಿಗೂ ಪ್ರೀತಿ ಇತ್ತು. ಕಾನೂನು ಯಾವ ಕಡೆ ಎಂದು ಕೇಳಿದರೆ, ಎರಡೂ ಕಡೆ. 1972ರ ವನ್ಯಜೀವಿ ಕಾಯ್ದೆ ಆನೆಯ ಮಾರಾಟ ತಡೆಯುತ್ತದೆ. 2022ರ ತಿದ್ದುಪಡಿ ‘ಧಾರ್ಮಿಕ ಅಥವಾ ಇತರ ಉದ್ದೇಶ’ಕ್ಕೆ ವರ್ಗಾವಣೆಗೆ ಬಾಗಿಲು ಬಿಟ್ಟಿದೆ. ಆ ‘ಇತರ’ ಎಂಬ ಪದದೊಳಗೆ ಒಂದು ಆನೆ ಆರಾಮಾಗಿ ಹೋಗಿಬಿಡಬಹುದು.

ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ 2024ರ ಡಿಸೆಂಬರ್‌ನಲ್ಲಿ ವೀರಭದ್ರ ಎಂಬ ಯಂತ್ರದ ಆನೆ ಬಂತು. ಕಿವಿ ಬೀಸುತ್ತದೆ, ಸೊಂಡಿಲಿನಿಂದ ನೀರು ಎರಚುತ್ತದೆ. ಮೊದಲು ಕೇಳಿದಾಗ ನಕ್ಕಿದ್ದೆ. ಈಗ ನಗುವುದಿಲ್ಲ. ಅದರ ಕಾಲಿಗೆ ಚಕ್ರವಿದೆ, ಉಗುರು ಸೀಳುವುದಿಲ್ಲ. ಸೂರಗೊಂಡನಕೊಪ್ಪದ ಜಾತ್ರೆಗೂ ಯಾರಾದರೂ ಆನೆ ತರಿಸೋಣ ಎಂದರೆ ನನ್ನ ಓಟು ಚಕ್ರದ ಆನೆಗೇ.

ಮಾವುತರನ್ನು ಬಿಟ್ಟು ಆನೆಯ ಕ್ಷೇಮದ ಮಾತಾಡುವುದು ಕೈ ಬಿಟ್ಟು ಊಟದ ಮಾತಾಡಿದ ಹಾಗೆ. ನಾಗರಹೊಳೆ ಸುತ್ತ ಜೇನು ಕುರುಬರು, ಸಕ್ರೆಬೈಲಿನಲ್ಲಿ ತಲೆಮಾರಿನಿಂದ ಬಂದ ಮುಸ್ಲಿಂ ಕುಟುಂಬಗಳು. ಆನೆಗೆ ಮದ ಬಂದು ಕಣ್ಣು ಕಿವಿಗಳ ನಡುವಿನಿಂದ ಎಣ್ಣೆಯ ಹಾಗೆ ಇಳಿಯುವ ದಿನಗಳಲ್ಲಿ ಅದರ ಮುಂದೆ ಹುಲ್ಲು ಹಾಕಬೇಕಾದವರು ಅವರು. ಮನೆಯಲ್ಲಿ ಮಗುವಿಗೆ ಜ್ವರ ಬಂದರೂ ಸಂಜೆ ಸರಪಳಿ ಬಿಡಬೇಕು, ಬೆಳಿಗ್ಗೆ ಹುಡುಕಬೇಕು. ಕೆಲಸ ಖಾಯಂ ಮಾಡಿ ಎಂದು ವರ್ಷಾನುಗಟ್ಟಲೆ ಕೇಳುತ್ತಿದ್ದಾರೆ. ಆ ಹಿರಿಯ ಮಾವುತರನ್ನು, ನಿಮ್ಮ ಮಗನೂ ಈ ಕೆಲಸಕ್ಕೆ ಬರುತ್ತಾನಾ ಎಂದು ಕೇಳಿದೆ. ‘ಅವ್ನು ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಕಲೀತಿದಾನೆ’ ಎಂದರು. ಆಮೇಲೆ, ಯಾರಿಗೋ ಹೇಳಿಕೊಂಡ ಹಾಗೆ, ‘ಇವಳಿಗೆ ಇನ್ನೂ ಮೂವತ್ತೈದು ವರ್ಷ’ ಎಂದು ಆನೆಯ ಕಡೆ ನೋಡಿದರು.

ನಾಳೆ ಬೆಳಿಗ್ಗೆ ಸಕ್ರೆಬೈಲಿಗೆ ಹೋಗುತ್ತೇವೆಂದು ಹೈಸ್ಕೂಲಿನ ಮಕ್ಕಳು ಆಗಲೇ ಹೇಳಿದರು. ಎಂಟೂವರೆ ಹೊತ್ತಿಗೆ ಅಲ್ಲಿರಿ, ಆನೆಗಳು ಆಗ ನೀರಿಗಿಳಿಯುತ್ತವೆ. ಫೋಟೋ ತೆಗೆಯಿರಿ, ಬೇಡ ಎನ್ನುವುದಿಲ್ಲ. ಆದರೆ ಮಾವುತ ಆನೆಯನ್ನು ಮಗ್ಗುಲಾಗಿ ಮಲಗಿಸಿ ತೆಂಗಿನ ನಾರಿನಿಂದ ಉಜ್ಜುವಾಗ ಹತ್ತಿರದ ದಂಡೆಗೆ ಬನ್ನಿ. ನಾಲ್ಕೂ ಅಂಗಾಲು ನಿಮ್ಮ ಕಡೆ ತಿರುಗಿರುತ್ತವೆ. ಉಗುರು ಎಣಿಸಿ. ಸೀಳಿದ್ದು ಎಷ್ಟು, ಎಂದು ಬಂದು ನನಗೆ ಹೇಳಿ.